ಹಂದಿ ಚರ್ಮದ ಪೊಟ್ಟಣ: ಮಸಾಲೆ ಜೊತೆ ಅದೂ ಪಾತ್ರೆಗೆ

ಕೊಡಗಿನ ಹಂದಿ ಮಾಂಸದ ಅಡುಗೆಯಾದ ಪಂದಿಕರಿಗೆ ಹಾಕುವ ಕಪ್ಪು ಮಸಾಲೆ ಪುಡಿಯನ್ನು ನಾವು ಮನೆಯಲ್ಲೇ ಹುರಿದು ಮಾರುತ್ತೇವೆ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಹೋಮ್‌ಸ್ಟೇಗಳವರೇ ನಮ್ಮ ಗಿರಾಕಿಗಳು. ಪುಡಿಯ ಬಗ್ಗೆ ಯಾರಿಗೂ ತಕರಾರಿಲ್ಲ. ಅದನ್ನು ತುಂಬುವ ಪೊಟ್ಟಣ ಮಾತ್ರ ನನಗೆ ಯಾವತ್ತೂ ಸರಿ ಅನ್ನಿಸಿರಲಿಲ್ಲ. ಹೊಳೆಯುವ ಆ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೇರೆ ಮಾಡಲು ಆಗುವುದಿಲ್ಲ, ಹಾಗಾಗಿ ಗುಜರಿಯವರೂ ಮುಟ್ಟುವುದಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ನಿಷೇಧ ಬಂತು. ಇಂಥ ಪೊಟ್ಟಣಗಳು ಆ ಪಟ್ಟಿಯಲ್ಲಿಲ್ಲ. ಮಳೆ ಬಂದಾಗ ತೋಡಿಗೆ, ಅಲ್ಲಿಂದ ಹೊಳೆಗೆ, ಕೊನೆಗೆ ಕಾವೇರಿಗೆ. ನಾವು ಮಾರಿದ್ದೂ ಅದರಲ್ಲಿ ಇರುತ್ತದೆ ಅಲ್ವಾ?

ಅದಕ್ಕೇ ಪುಡಿಯ ಜೊತೆ ಪಾತ್ರೆಗೇ ಹಾಕಿ ಕರಗಿಸಬಹುದಾದ ಪೊಟ್ಟಣವನ್ನು ಹಂದಿ ಚರ್ಮದಿಂದ ಮಾಡಲು ಹೊರಟೆ. ತಿನ್ನಬಹುದಾದ ಪೊಟ್ಟಣ ಹೊಸ ವಿಷಯವೇನಲ್ಲ. ಔಷಧಿಯ ಕ್ಯಾಪ್ಸೂಲ್ ಕವಚ ಜೆಲಾಟಿನ್‌ನದು, ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆಯುವ ಪ್ರೋಟೀನಿನದು. ಅದಕ್ಕೆ ಫ್ರಾನ್ಸಿನಲ್ಲಿ 1834ರಲ್ಲೇ ಪೇಟೆಂಟ್ ಸಿಕ್ಕಿತ್ತು. ಸಾಸೇಜಿನ ಹೊರಪದರ ಪ್ರಾಣಿಯ ಕರುಳಿನದು ಅಥವಾ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನದು. 2016ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನಿನಿಂದ ಒಂದು ಹಾಳೆ ಮಾಡಿ ತೋರಿಸಿದರು. ಆಮ್ಲಜನಕವನ್ನು ತಡೆಯುವುದರಲ್ಲಿ ಅದು ಪ್ಲಾಸ್ಟಿಕ್ ಹಾಳೆಗಿಂತ 500 ಪಟ್ಟಿನ ತನಕ ಮೇಲು ಎಂದರು. ನನ್ನ ಕೈಗೆ ಸುಲಭವಾಗಿ ಸಿಗುವುದು ಹಂದಿ ಚರ್ಮ. ಕೊಡಗಿನಲ್ಲಿ ಹಂದಿ ಮಾಂಸವನ್ನು ಚರ್ಮ, ಕೊಬ್ಬಿನ ಸಮೇತವೇ ಬೇಯಿಸುತ್ತಾರೆ, ನಿಜ. ಆದರೆ ಈಗ ಚರ್ಮ ತೆಗೆದು ಕೊಡಿ ಎನ್ನುವ ಗಿರಾಕಿಗಳೂ ಬರುತ್ತಾರೆ. ಆ ಚರ್ಮ ಅಂಗಡಿಯಲ್ಲೇ ಉಳಿಯುತ್ತದೆ. ಕೇಳಿದರೆ ಸುಮ್ನೆ ಕೊಡುತ್ತಾರೆ.

ಪ್ರಾಣಿಯಿಂದ ಮಾಡಿದ ಪೊಟ್ಟಣಕ್ಕೆ ನಮ್ಮ ಊರಿನಲ್ಲಿ ಇರುವ ದೊಡ್ಡ ತೊಡಕು ತಾಂತ್ರಿಕವಾದದ್ದಲ್ಲ. ಯಾರು ಏನು ತಿನ್ನುತ್ತಾರೆ ಎನ್ನುವುದು. ಕಾಫಿಗೋ ಬೆಲ್ಲಕ್ಕೋ ಹಂದಿ ಜೆಲಾಟಿನ್ ಸುತ್ತಿಕೊಟ್ಟರೆ ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಅದು ಮೋಸ. ಪಂದಿಕರಿ ಮಸಾಲೆಗೆ ಆ ತೊಡಕಿಲ್ಲ. ಇದನ್ನು ಕೊಳ್ಳುವವರು ಹೆಚ್ಚಾಗಿ ಹಂದಿ ಬೇಯಿಸುವವರೇ. ಪೊಟ್ಟಣ ಯಾವ ಪ್ರಾಣಿಯದೋ ಆ ಪ್ರಾಣಿಯ ಅಡುಗೆಗೇ ಹೋಗಬೇಕು. ಈ ಒಂದು ಮಾತನ್ನು ಮೊದಲು ಗಟ್ಟಿ ಮಾಡಿಕೊಂಡ ಮೇಲೆ ಉಳಿದ ಎಷ್ಟೋ ನಿರ್ಧಾರಗಳು ಸುಲಭವಾದವು.

ಚರ್ಮದಿಂದ ಜೆಲಾಟಿನ್

ಇಲ್ಲಿ ಹಂದಿಯ ಕೂದಲು ತೆಗೆಯಲು ಬೆಂಕಿಯಲ್ಲಿ ಸುಡುವ ರೂಢಿ ಇದೆ. ಸುಟ್ಟ ಚರ್ಮದಿಂದ ಬರುವ ಜೆಲಾಟಿನ್ ಕಂದು ಬಣ್ಣ, ಸ್ವಲ್ಪ ಹೊಗೆ ವಾಸನೆ. ಬೇರೆ ಯಾವುದಕ್ಕಾದರೂ ಅದು ದೋಷ. ಪಂದಿಕರಿಗೆ ದೋಷವೇ ಅಲ್ಲ. ಸುಟ್ಟು ಕರಕಲಾದದ್ದು ಮಾತ್ರ ಒಂದು ಚೂರೂ ಉಳಿಯದ ಹಾಗೆ ಚಾಕುವಿನಿಂದ ಕೆರೆದು ತೆಗೆಯಬೇಕು. ಬಿಸಿನೀರು ಹಾಕಿ ಕೂದಲು ಹೆರೆದ ಚರ್ಮ ಸಿಕ್ಕರೆ ಹಾಳೆ ತಿಳಿ ಹಳದಿಯಾಗಿ ಬರುತ್ತದೆ. ನಾನು ಎರಡನ್ನೂ ಬಳಸುತ್ತೇನೆ.

ಒಳಗಿನ ಕೊಬ್ಬು ತೆಗೆಯುವುದೇ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವ ಭಾಗ. ಚರ್ಮವನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದರೆ ಕೊಬ್ಬು ಮೆತ್ತಗಾಗುತ್ತದೆ. ಹಲಗೆಯ ಮೇಲೆ ಹರಡಿ, ಮೊಂಡು ಚಾಕು ಅಡ್ಡ ಹಿಡಿದು ಕೆರೆಯಿರಿ. ಹರಿತವಾದ ಚಾಕು ಚರ್ಮವನ್ನೂ ಕತ್ತರಿಸುತ್ತದೆ. ಕೊಬ್ಬು ಉಳಿದರೆ ಹಾಳೆಯ ಮೇಲೆ ಎಣ್ಣೆ ಕಲೆ ಬೀಳುತ್ತದೆ, ಅಲ್ಲಿ ಅಂಚು ಅಂಟುವುದಿಲ್ಲ. ಕೆಲವು ವಾರಗಳಲ್ಲಿ ಕಮಟು ವಾಸನೆಯೂ ಬರುತ್ತದೆ. ಕೆರೆದ ಕೊಬ್ಬನ್ನು ನಮ್ಮ ಅತ್ತೆ ಕಾಯಿಸಿ, ಸೋಸಿ, ಬಾಟಲಿಗೆ ತುಂಬಿಡುತ್ತಾರೆ. ಅದು ಅಡುಗೆಗೆ ಆಗುತ್ತದೆ.

ಆಮೇಲೆ ಚರ್ಮವನ್ನು ಒಂದು ಇಂಚಿನ ತುಂಡು ಮಾಡಿ ಹುಳಿ ನೀರಿನಲ್ಲಿ ನೆನೆಹಾಕಬೇಕು. ಚರ್ಮದ ಕೊಲಾಜೆನ್ ಎಂದರೆ ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾದ ಹಾಗೆ. ಹುಳಿ ತಾಗಿದರೆ ಹಗ್ಗಗಳ ನಡುವಿನ ಹಿಡಿತ ಸಡಿಲವಾಗಿ ನೀರು ಒಳಗೆ ನುಗ್ಗುತ್ತದೆ. ಆಮೇಲೆ ಬಿಸಿ ತಾಗಿದಾಗ ಎಳೆಗಳು ಬಿಚ್ಚಿಕೊಂಡು ನೀರಿನಲ್ಲಿ ಕರಗುತ್ತವೆ. ಹಾಗೆ ಕರಗಿದ್ದೇ ಜೆಲಾಟಿನ್. ಹಂದಿ ಚರ್ಮಕ್ಕೆ ಕಾರ್ಖಾನೆಗಳಲ್ಲೂ ಹುಳಿಯನ್ನೇ ಬಳಸುತ್ತಾರೆ. ದನದ ಚರ್ಮ, ಮೂಳೆಗಳಿಗೆ ಹೆಚ್ಚಾಗಿ ಸುಣ್ಣದ ನೀರು, ಅದಕ್ಕೆ ವಾರಗಟ್ಟಲೆ ಬೇಕು. ಮನೆಯಲ್ಲಿ ಮಾಡುವವರಿಗೆ ಹಂದಿ ಚರ್ಮ ಸುಲಭ ಎನ್ನುವುದಕ್ಕೆ ಕಾರಣ ಇದೇ.

ಒಂದು ಕೆಜಿ ಚರ್ಮ ಮುಳುಗುವಷ್ಟು ನೀರು, ಅದಕ್ಕೆ ಒಂದು ಲೋಟ ಬಿಳಿ ವಿನೆಗರ್. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಿ. ಬೆಳಿಗ್ಗೆ ತುಂಡುಗಳು ಉಬ್ಬಿ, ಅರೆಪಾರದರ್ಶಕವಾಗಿ, ರಬ್ಬರಿನಂತೆ ಆಗಿರುತ್ತವೆ. ನೀರು ಬದಲಿಸಿ ಬದಲಿಸಿ ತೊಳೆಯಬೇಕು. ಹುಳಿಯ ಮಟ್ಟ ತೋರಿಸುವ ಪಿಎಚ್ ಪಟ್ಟಿ ಇದ್ದರೆ 4ರಿಂದ 5ರ ನಡುವೆ ಬಂದಾಗ ನಿಲ್ಲಿಸಿ.

ಕೊಡಗಿನವರು ಇದನ್ನು ಓದಿದರೆ ಕೂಡಲೇ ಕೇಳುವುದು, ಕಾಚಂಪುಳಿ ಯಾಕೆ ಹಾಕಬಾರದು ಅಂತ. ನಮ್ಮ ಮನೆಯಲ್ಲೂ ಅದೇ ಮಾತು ಬಂತು. ಪಂದಿಕರಿಗೆ ಹುಳಿ ಎಂದರೆ ಕಾಚಂಪುಳಿಯೇ, ಹಣ್ಣಿನ ರಸ ಕಾಯಿಸಿ ಕಾಯಿಸಿ ಕಪ್ಪಗೆ ಗಟ್ಟಿ ಮಾಡಿದ್ದು. ನೆನೆಹಾಕಲು ಬಳಸಿದರೆ ಕೆಲಸವೇನೋ ಆಗುತ್ತದೆ, ಆದರೆ ಅಷ್ಟು ಬೆಲೆಯ ವಸ್ತುವನ್ನು ತೊಳೆದು ಚರಂಡಿಗೆ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಹಾಳೆಯ ದ್ರಾವಣಕ್ಕೇ ಬೆರೆಸಿದರೆ ಹೇಗೆ? ಪುಡಿ ಮತ್ತು ಹುಳಿ ಎರಡೂ ಒಂದೇ ಪೊಟ್ಟಣದಲ್ಲಿ ಬಂದುಬಿಡುತ್ತವೆ ಎನ್ನುವ ಆಸೆ ನನಗೂ ಇತ್ತು. ಲೆಕ್ಕ ಹಾಕಿದರೆ ಆಗುವ ಮಾತಲ್ಲ. ಒಂದು ಕೆಜಿ ಮಾಂಸಕ್ಕೆ ಕಾಚಂಪುಳಿ ಒಂದೆರಡು ಚಮಚ ಬೇಕು. ಇಡೀ ಪೊಟ್ಟಣದ ತೂಕವೇ ಮೂರ್ನಾಲ್ಕು ಗ್ರಾಂ. ಸ್ವಲ್ಪ ಬೆರೆಸಿದ ಹಾಳೆ ಚೆಂದದ ಕಪ್ಪು ಬಣ್ಣಕ್ಕೆ ಬಂತು, ಆದರೆ ಗಾಳಿಯ ತೇವ ಹೀರಿ ಬೆರಳಿಗೆ ಅಂಟತೊಡಗಿತು. ಕಾಚಂಪುಳಿ ಬಾಟಲಿಯಲ್ಲೇ ಇರಲಿ.

ಇನ್ನು ಬಿಸಿ ಮಾಡುವುದು. ಕುದಿಸಬಾರದು. ಕುದಿಸಿದರೆ ಜೆಲಾಟಿನ್ ಬೇಗ ಬಿಡುತ್ತದೆ, ಆದರೆ ಎಳೆಗಳು ತುಂಡಾಗಿ ಹಾಳೆ ಪುಡಿಪುಡಿಯಾಗುತ್ತದೆ. ಒಂದು ಕೆಜಿ ಚರ್ಮಕ್ಕೆ ಎರಡು ಲೀಟರ್ ನೀರು ಹಾಕಿ 60ರಿಂದ 65 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಬಿಡಿ. ರೈಸ್ ಕುಕ್ಕರಿನ ವಾರ್ಮ್ ಗುಂಡಿ ಇದಕ್ಕೆ ಹೇಳಿ ಮಾಡಿಸಿದ್ದು. ಕೆಲವು ಕುಕ್ಕರುಗಳು 75ರ ತನಕ ಹೋಗುತ್ತವೆ, ಆಗ ಮುಚ್ಚಳ ಸ್ವಲ್ಪ ತೆರೆದಿಡಬೇಕು. ಅಡುಗೆ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಶಾಖ 60ಕ್ಕಿಂತ ಕೆಳಗೆ ಇಳಿದು ಗಂಟೆಗಟ್ಟಲೆ ಉಗುರುಬೆಚ್ಚಗೆ ನಿಂತರೆ ಅದು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ.

ತೆಳು ಬಟ್ಟೆಯಲ್ಲಿ ಸೋಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಫ್ರಿಜ್ಜಿಗೆ ಸೇರಿಸಿ. ಗಟ್ಟಿಯಾದ ಮೇಲೆ ಮೇಲೆ ಬೆಳ್ಳಗೆ ಕೊಬ್ಬಿನ ಕೆನೆ ಕೂತಿರುತ್ತದೆ. ಅದನ್ನು ಎತ್ತಿ, ಬಿಸಿ ಬಟ್ಟೆಯಿಂದ ಮೇಲ್ಭಾಗ ಒರೆಸಿ. ಈಗ ಕೈಯಲ್ಲಿರುವುದು ಶುದ್ಧ ಜೆಲ್ಲಿ.

ಇದರಲ್ಲಿ ಜೆಲಾಟಿನ್ ಎಷ್ಟಿದೆ ಎಂದು ತಿಳಿಯಲು ಸುಲಭದ ದಾರಿ ಇದೆ. 20 ಗ್ರಾಂ ತೂಗಿ ಒಂದು ತಟ್ಟೆಗೆ ಹಾಕಿ ಪೂರ್ತಿ ಒಣಗಿಸಿ, ಮತ್ತೆ ತೂಗಿ. ಒಂದು ಗ್ರಾಂ ಉಳಿದರೆ ಶೇ 5. ನನಗೆ ಸಾಮಾನ್ಯವಾಗಿ ಶೇ 4ರ ಆಸುಪಾಸು ಬರುತ್ತದೆ, ಅಂದರೆ ಎರಡು ಲೀಟರಿಗೆ 80 ಗ್ರಾಂ. ನಮಗೆ ಬೇಕಾದ್ದು ಶೇ 5. ಅಗಲವಾದ ಪಾತ್ರೆಯಲ್ಲಿ, ಕುದಿಸದೆ, ಸ್ವಲ್ಪ ಬತ್ತಿಸಿದರೆ ಸಾಕು.

ಹಾಳೆ ಎರೆಯುವುದು

100 ಗ್ರಾಂ ದ್ರಾವಣ, ಅಂದರೆ ಅದರಲ್ಲಿ 5 ಗ್ರಾಂ ಜೆಲಾಟಿನ್. ಇದಕ್ಕೆ ಒಂದೂಕಾಲು ಗ್ರಾಂ ಗ್ಲಿಸರಿನ್. ಗ್ಲಿಸರಿನ್ ಇಲ್ಲದಿದ್ದರೆ ಒಣಗಿದ ಹಾಳೆ ಹಪ್ಪಳದ ಹಾಗೆ ಪಟ್ಟನೆ ಮುರಿಯುತ್ತದೆ. ಅದು ಎಳೆಗಳ ನಡುವೆ ಸೇರಿಕೊಂಡು ಹಾಳೆಯನ್ನು ಬಾಗುವಂತೆ ಮಾಡುತ್ತದೆ. ಆದರೆ ಗಾಳಿಯಲ್ಲಿರುವ ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಒಂದೇ ಅಳತೆ ವರ್ಷವಿಡೀ ನಡೆಯುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಜೆಲಾಟಿನ್ ತೂಕದ ಶೇ 30ರ ತನಕ ಹಾಕಬಹುದು. ಮಳೆಗಾಲದಲ್ಲಿ ಶೇ 20 ದಾಟಬಾರದು. ಮೈಗೆ ಹಚ್ಚುವ ಗ್ಲಿಸರಿನ್ ಬೇಡ, ಆಹಾರಕ್ಕೆ ಬಳಸುವ ದರ್ಜೆಯದನ್ನೇ ಕೇಳಿ ತನ್ನಿ.

ದ್ರಾವಣವನ್ನು 80 ಡಿಗ್ರಿಗೆ ಏರಿಸಿ ಐದು ನಿಮಿಷ ಇಟ್ಟು, ಆಮೇಲೆ 50ಕ್ಕೆ ಇಳಿಸಿ. ಜೋರಾಗಿ ಕಲಕಬೇಡಿ. ಗುಳ್ಳೆ ಎದ್ದರೆ ಹಾಳೆಯಲ್ಲಿ ಅಷ್ಟೂ ತೂತು. ಕಾಲು ಗಂಟೆ ಬಿಟ್ಟರೆ ಗುಳ್ಳೆಗಳು ಮೇಲೆ ಬರುತ್ತವೆ, ಚಮಚದಿಂದ ತೆಗೆಯಬಹುದು.

ಗಾಜಿನ ಮೇಲೆ ಎರೆಯಲೇಬಾರದು. ಇದನ್ನು ಒತ್ತಿ ಹೇಳುತ್ತೇನೆ. ಗಾಜು ಸಮತಟ್ಟಾಗಿದೆ, ನುಣುಪಾಗಿದೆ ಎಂದು ಎಲ್ಲರ ಕಣ್ಣೂ ಮೊದಲು ಅದರ ಮೇಲೇ ಹೋಗುತ್ತದೆ. ಆದರೆ ಜೆಲಾಟಿನ್ ಒಣಗುವಾಗ ಕುಗ್ಗುವ ಬಲ ಎಷ್ಟೆಂದರೆ ಗಾಜಿನ ಮೇಲ್ಮೈಯನ್ನೇ ಚಕ್ಕೆ ಚಕ್ಕೆಯಾಗಿ ಕಿತ್ತುಕೊಂಡು ಬರುತ್ತದೆ. ಅಲಂಕಾರದ ಗಾಜಿನ ಮೇಲೆ ಜರೀಗಿಡದ ಎಲೆಯಂಥ ಚಿತ್ತಾರ ಮೂಡಿಸಲು ಚರ್ಮದ ಅಂಟನ್ನು ಬೇಕೆಂದೇ ಹಾಗೆ ಬಳಸುತ್ತಾರೆ. ತಿನ್ನುವ ಹಾಳೆಗೆ ಗಾಜಿನ ಚೂರು ಸೇರಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಬೇಕರಿಯವರು ಬಳಸುವ ಸಿಲಿಕೋನ್ ಮ್ಯಾಟ್ ತನ್ನಿ. ಅಂಚಿರುವ ಸ್ಟೀಲ್ ಟ್ರೇ ಒಳಗೆ ಅದನ್ನು ಹಾಸಿದರೆ ಅಚ್ಚು ಸಿದ್ಧ.

ನನ್ನ ಟ್ರೇ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದ. ಅದಕ್ಕೆ 100 ಗ್ರಾಂ ಎರೆದರೆ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತರ ನಿಲ್ಲುತ್ತದೆ. ಒಣಗಿದಾಗ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕೊಂಚ ಕಡಿಮೆ ದಪ್ಪ. ಟ್ರೇ ಒಂದು ಕೂದಲೆಳೆ ವಾಲಿದ್ದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೊಳ್ಳೆ ರೆಕ್ಕೆ. ಗಾರೆಯವರ ರಸಮಟ್ಟ ಇಟ್ಟು ನೋಡಿ, ಕಾಲಿಗೆ ರಟ್ಟಿನ ಚೂರು ಕೊಟ್ಟು ಸರಿ ಮಾಡಿಕೊಳ್ಳಿ.

ಒಣಗಿಸುವುದು: ಇಲ್ಲೇ ಕೊಡಗಿನ ಹವೆಯ ಪರೀಕ್ಷೆ

ಜೆಲಾಟಿನ್ ಹಾಳೆ ಒಣಗಲು 25 ಡಿಗ್ರಿ ಶಾಖ, ಶೇ 50ರ ಆಸುಪಾಸಿನ ತೇವದ ಗಾಳಿ ಒಳ್ಳೆಯದು. ಜುಲೈ ತಿಂಗಳ ನಮ್ಮ ಮನೆಯಲ್ಲಿ ತೇವಮಾಪಕ ಶೇ 90ರ ಕೆಳಗೆ ಇಳಿಯುವುದೇ ಅಪರೂಪ. ಆ ಗಾಳಿಯಲ್ಲಿ ಹಾಳೆ ಒಣಗುವ ಮೊದಲೇ ಬೂಸ್ಟು ಬರುತ್ತದೆ. ಬಿಸಿಲಿಗೆ ಅಥವಾ ಒಲೆಯ ಮೇಲಿನ ಅಟ್ಟಕ್ಕೆ ಇಟ್ಟರೆ ಬೇರೆ ತೊಂದರೆ. 30 ಡಿಗ್ರಿ ದಾಟಿದರೆ ಹಸಿ ಜೆಲ್ಲಿ ಮತ್ತೆ ಕರಗಿ ಹರಿಯುತ್ತದೆ. ಅದೂ ಅಲ್ಲದೆ, ತಣ್ಣಗೆ ಒಣಗಿದ ಹಾಳೆಯೇ ಗಟ್ಟಿ. ತಣ್ಣಗಿದ್ದಾಗ ಬಿಡಿಬಿಡಿಯಾದ ಎಳೆಗಳು ಅಲ್ಲಲ್ಲಿ ಮತ್ತೆ ಮೂರು ಮೂರಾಗಿ ಸುತ್ತಿಕೊಳ್ಳುತ್ತವೆ. ಬಿಸಿಯಲ್ಲಿ ಒಣಗಿಸಿದರೆ ಸುತ್ತಿಕೊಳ್ಳಲು ಅವಕ್ಕೆ ಅವಕಾಶವೇ ಇಲ್ಲ.

ಹಾಗಾಗಿ ಒಂದು ಪೆಟ್ಟಿಗೆ ಮಾಡಿದೆವು. ಹಳೆಯ ಪ್ಲೈವುಡ್ ಪೆಟ್ಟಿಗೆ, ತಳದಲ್ಲಿ 60 ವ್ಯಾಟಿನ ಹಳೇ ಕಾಲದ ಬಲ್ಬ್, ಪಕ್ಕದಲ್ಲಿ ಹಾಳಾದ ಕಂಪ್ಯೂಟರಿನಿಂದ ತೆಗೆದ ಚಿಕ್ಕ ಫ್ಯಾನ್, ಮೇಲೆ ಗಾಳಿ ಹೋಗಲು ಸೊಳ್ಳೆಪರದೆ ಹೊಡೆದ ಕಿಂಡಿ. ಬಲ್ಬಿಗೂ ಟ್ರೇಗೂ ನಡುವೆ ಒಂದು ತಗಡು ಅಡ್ಡ ಇದೆ. ಶಾಖ 27 ಡಿಗ್ರಿಗೆ ಬಂದಾಗ ಬಲ್ಬ್ ಆರಿಸಲು ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುವಂಥ ಥರ್ಮೋಸ್ಟಾಟ್ ಹಾಕಿದ್ದೇವೆ. ಹೊರಗಿನ ಗಾಳಿ 20 ಡಿಗ್ರಿ, ಶೇ 90 ತೇವ ಇದ್ದಾಗ ಅದನ್ನು 27ಕ್ಕೆ ಬಿಸಿ ಮಾಡಿದರೆ ತೇವ ಶೇ 60ರ ಹತ್ತಿರಕ್ಕೆ ಬರುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ, ಬೆಚ್ಚಗಿನ ಗಾಳಿಗೆ ನೀರು ಹಿಡಿಯುವ ಶಕ್ತಿ ಹೆಚ್ಚು. ಶೇ 60 ಸಾಲದು, ಕೊನೆಯ ಹಂತದಲ್ಲಿ ಕಿಂಡಿ ಮುಚ್ಚಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಡಬ್ಬಿ ಇಡುತ್ತೇವೆ. ಕಾಫಿ ಬೀಜದ ತೇವ ನೋಡಿ ನೋಡಿ ಅಭ್ಯಾಸ ಇರುವ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ.

ಬೇಸಿಗೆ ಶುರುವಾಗುವ ಮೊದಲು, ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ಪೆಟ್ಟಿಗೆಯೇ ಬೇಡ. ನೆರಳಿನ ಕೋಣೆ, ಸಣ್ಣ ಫ್ಯಾನ್ ಸಾಕು. ವರ್ಷದ ಹಾಳೆಗಳನ್ನೆಲ್ಲ ಆಗಲೇ ಮಾಡಿಟ್ಟುಕೊಳ್ಳುವುದು ಜಾಣತನ. ಒಣ ಹಾಳೆಗಳ ನಡುವೆ ಬಟರ್ ಪೇಪರ್ ಹಾಕಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಬಹುದು.

ಜೇನುಮೇಣ, ಅಂಚು, ಇರುವೆ

ಒಣ ಜೆಲಾಟಿನ್ ಹಾಳೆ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ. ಕರಿಮೆಣಸಿನ, ಜೀರಿಗೆಯ ಘಮ ಉಳಿಯಲು ಅದು ಬೇಕು. ಆದರೆ ನೀರಾವಿಯನ್ನು ಬಿಟ್ಟುಕೊಡುತ್ತದೆ. ಅದಕ್ಕೆ ಹೊರಮೈಗೆ ಜೇನುಮೇಣ. ಮೇಣ 62ರಿಂದ 65 ಡಿಗ್ರಿಯಲ್ಲಿ ಕರಗುತ್ತದೆ, ಒಣ ಹಾಳೆ ಆ ಬಿಸಿಯನ್ನು ತಡೆದುಕೊಳ್ಳುತ್ತದೆ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಬ್ರಷ್ಷಿನಲ್ಲಿ ಒಂದೇ ಎಳೆತಕ್ಕೆ ತೆಳ್ಳಗೆ ಹಚ್ಚಿ. ಬರೀ ಮೇಣ ಮಡಿಸಿದಲ್ಲಿ ಬಿರುಕು ಬಿಡುತ್ತದೆ. ಹತ್ತು ಪಾಲು ಮೇಣಕ್ಕೆ ಒಂದು ಪಾಲು ಕೊಬ್ಬರಿ ಎಣ್ಣೆ ಸೇರಿಸಿದ ಮೇಲೆ ಮಡಿಕೆ ಸರಿಯಾಗಿ ಕೂತಿತು. ಸುತ್ತ ಒಂದು ಸೆಂಟಿಮೀಟರ್ ಅಂಚನ್ನು ಮೇಣ ಹಚ್ಚದೆ ಬಿಡಿ. ಒಳಮೈಗೆ ಮೇಣ ಬೇಡ, ಅಂಟಬೇಕಾದದ್ದು ಒಳಮೈ.

ಹಾಳೆಯನ್ನು ಉದ್ದಕ್ಕೆ ಎರಡು ಪಟ್ಟಿ ಮಾಡಿ, ಒಂದೊಂದನ್ನೂ ನಡುವೆ ಮಡಿಸಿದರೆ 10ಕ್ಕೆ 15 ಸೆಂಟಿಮೀಟರಿನ ಚೀಲ. 80 ಗ್ರಾಂ ಜೆಲಾಟಿನ್‌ನಿಂದ ಇಂಥ 32 ಚೀಲ ಆಗುತ್ತವೆ. ಅಂಚಿಗೆ ಒದ್ದೆ ಬ್ರಷ್ ಆಡಿಸಿ, ಅರೆ ನಿಮಿಷ ಬಿಟ್ಟು, ಒತ್ತಿ ಹಿಡಿದು ಮೇಲೆ ಮರದ ಪಟ್ಟಿ ಇಟ್ಟು ಭಾರ ಹೇರಿ. ನೀರು ಹೆಚ್ಚಾದರೆ ಅಂಚು ಸುಕ್ಕಾಗುತ್ತದೆ. ಪುಡಿ ಪೂರ್ತಿ ಆರಿರಬೇಕು. ಹುರಿದ ಬಿಸಿ ಇನ್ನೂ ಇರುವಾಗ ತುಂಬಿದರೆ ಒಳಗೇ ಆವಿ ಕಟ್ಟಿ ಚೀಲ ಮೆತ್ತಗಾಗುತ್ತದೆ. ನಾವು ಒಂದು ಚೀಲಕ್ಕೆ 35 ಗ್ರಾಂ ತುಂಬುತ್ತೇವೆ, ಒಂದು ಕೆಜಿ ಮಾಂಸಕ್ಕೆ ಆಗುವಷ್ಟು.

ತೇವದ ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಂದು ಬಟ್ಟಲು ಉಪ್ಪನ್ನು ನೀರಿನಲ್ಲಿ ಕೆಸರಿನಷ್ಟು ಕಲಸಿಟ್ಟರೆ ಒಳಗಿನ ತೇವ ಶೇ 75ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಮೇಣ ಹಚ್ಚಿದ ಮತ್ತು ಹಚ್ಚದ ಚೀಲಗಳನ್ನು ಜಾಲರಿಯ ಮೇಲಿಟ್ಟು ಆಗಾಗ ತೂಗಿದೆವು. ಮೇಣ ಇಲ್ಲದ್ದು ಬೇಗ ತೂಕ ಏರಿಸಿಕೊಂಡು ಪುಡಿ ಗಂಟು ಕಟ್ಟಿತು. ಮೇಣದ್ದು ನಿಧಾನವಾಗಿ ಏರಿತು, ಅದೂ ಹೆಚ್ಚಾಗಿ ಮೇಣವಿಲ್ಲದ ಅಂಚಿನ ಮೂಲಕ. ಈಗ ಅಂಚು ಅಂಟಿ ಒಣಗಿದ ಮೇಲೆ ಆ ಪಟ್ಟಿಯನ್ನು ಮಾತ್ರ ಮೇಣದಲ್ಲಿ ಅದ್ದಿ ತೆಗೆಯುತ್ತೇವೆ.

ಇಷ್ಟಾದರೂ ಈ ಚೀಲವನ್ನು ಅಂಗಡಿಯಲ್ಲಿ ಹಾಗೇ ನೇತುಹಾಕಲು ಬರುವುದಿಲ್ಲ. ಪಾತ್ರೆಗೆ ಹೋಗುವ ವಸ್ತುವಿನ ಮೇಲೆ ಧೂಳು, ಹತ್ತು ಜನರ ಕೈ ತಾಗಬಾರದು. ಇರುವೆಗೂ ಜಿರಲೆಗೂ ಜೆಲಾಟಿನ್ ಆಹಾರವೇ. ಕೇಸಿನ್ ಹಾಳೆ ಮಾಡಿದವರೂ ಹೊರಗೆ ಇನ್ನೊಂದು ಹೊದಿಕೆ ಬೇಕೆಂದೇ ಹೇಳಿದ್ದರು. ನಾವು ಆರು ಚೀಲಗಳನ್ನು ರಟ್ಟಿನ ಡಬ್ಬಿಗೆ ಹಾಕುತ್ತೇವೆ. ಹೋಮ್‌ಸ್ಟೇಯವರಿಗಾದರೆ ಅವರದೇ ಸ್ಟೀಲ್ ಡಬ್ಬಕ್ಕೆ ತುಂಬಿಕೊಡುತ್ತೇವೆ. ಡಬ್ಬ ಖಾಲಿಯಾದಾಗ ವಾಪಸ್ ಬರುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಸರಿಯಾದ ದಾರಿ.

ಡಬ್ಬಿಯ ಮೇಲೆ ಏನು ಬರೆಯಬೇಕು ಎನ್ನುವುದರಲ್ಲಿ ನನಗೆ ಗೊಂದಲವಿಲ್ಲ. ಒಳಗಿನ ಪುಡಿ ಸಸ್ಯಾಹಾರವೇ. ಆದರೆ ಚೀಲವನ್ನೂ ತಿನ್ನುವುದರಿಂದ ಮಾಂಸಾಹಾರದ ಕಂದು ತ್ರಿಕೋನದ ಗುರುತು ಇರಲೇಬೇಕು. ಅದರ ಪಕ್ಕದಲ್ಲಿ ‘ಚೀಲ ಹಂದಿ ಚರ್ಮದ ಜೆಲಾಟಿನ್’ ಎಂದು ದಪ್ಪ ಅಕ್ಷರದಲ್ಲಿ. ಜೆಲಾಟಿನ್ ಎಂದಷ್ಟೇ ಬರೆದು ಸುಮ್ಮನಾಗುವುದು ಸರಿಯಲ್ಲ. ಈ ಪುಡಿಯನ್ನು ಕೋಳಿಗೆ ಹಾಕಿಕೊಳ್ಳುವ ಮುಸ್ಲಿಂ ನೆರೆಯವರಿಗೆ ಮೊದಲಿನ ಹಾಗೆ ಗಾಜಿನ ಬಾಟಲಿಯಲ್ಲೇ ಕೊಡುತ್ತೇವೆ. ಆ ಪುಡಿಯನ್ನು ತುಂಬುವ ಮೇಜು, ಚಮಚ ಕೂಡ ಬೇರೆ. ಮಾರುವ ಯೋಚನೆ ಇರುವವರು ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ಚೀಲದ ಸಂಗತಿಯನ್ನು ಅಲ್ಲೇ ತಿಳಿಸಿ, ಒಂದು ಮಾದರಿಯನ್ನು ಪ್ರಯೋಗಾಲಯಕ್ಕೂ ಕೊಡಿ.

ಪಾತ್ರೆಯಲ್ಲಿ

“ಇದು ತಳ ಹಿಡಿಯಲ್ವಾ?” ಎಂದು ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಕೊಬ್ಬು ಮಾತ್ರ ಇರುವ ಬಿಸಿ ಪಾತ್ರೆಗೆ ಹಾಕಿದರೆ ಹಿಡಿದೇ ಹಿಡಿಯುತ್ತದೆ. ಆದರೆ ಪಂದಿಕರಿಯಲ್ಲಿ ಕಪ್ಪು ಮಸಾಲೆ ಹಾಕುವುದು ಮಾಂಸ ಬೆಂದ ಮೇಲೆ, ಕೊನೆಯ ಹಂತದಲ್ಲಿ. ಆಗ ಪಾತ್ರೆಯಲ್ಲಿ ರಸ ಇರುತ್ತದೆ. ಚೀಲವನ್ನು ರಸದಲ್ಲಿ ಮುಳುಗಿಸಿ ಒಂದು ನಿಮಿಷ ಮುಟ್ಟದೆ ಬಿಡಬೇಕು. ಮೊದಲು ಮೇಣ ಕರಗಿ ಕೊಬ್ಬಿನ ಜೊತೆ ಸೇರುತ್ತದೆ, ಆಮೇಲೆ ಚೀಲ ಮೆತ್ತಗಾಗಿ ಮಡಿಕೆಯಲ್ಲಿ ಬಾಯಿ ಬಿಡುತ್ತದೆ. ಆಗ ಸೌಟು ಆಡಿಸಿದರೆ ಪುಡಿ ಹರಡುತ್ತದೆ. ಅಂಚು ಎರಡು ಪದರ ಇರುವುದರಿಂದ ಕರಗಲು ಇನ್ನೂ ಕೆಲವು ನಿಮಿಷ ಬೇಕು. ಕಾಚಂಪುಳಿ ಹಾಕುವ ಹೊತ್ತಿಗೆ ಅದೂ ಕಾಣುವುದಿಲ್ಲ.

ಒಂದು ಚೀಲದಲ್ಲಿ ಜೆಲಾಟಿನ್ ಎರಡೂವರೆ ಗ್ರಾಂ, ಮೇಣ ಅರ್ಧ ಗ್ರಾಂ. ಒಂದು ಕೆಜಿ ಮಾಂಸದ ಚರ್ಮವೇ ರಸಕ್ಕೆ ಇದಕ್ಕಿಂತ ಎಷ್ಟೋ ಹೆಚ್ಚು ಜೆಲಾಟಿನ್ ಬಿಟ್ಟಿರುತ್ತದೆ. ಒಂದೇ ಪಾತ್ರೆಯ ಮಾಂಸವನ್ನು ಎರಡು ಪಾಲು ಮಾಡಿ, ಒಂದಕ್ಕೆ ಚೀಲ, ಇನ್ನೊಂದಕ್ಕೆ ಬರೀ ಪುಡಿ ಹಾಕಿ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ ಮನೆಯವರಿಗೆಲ್ಲ ಬಡಿಸಿದೆ. ಯಾವುದು ಯಾವುದೆಂದು ಯಾರೂ ಗುರುತಿಸಲಿಲ್ಲ.

ಈಗ ಮೀನಿನ ಹುರುಪೆ ಕೈಗೆತ್ತಿಕೊಂಡಿದ್ದೇನೆ. ಮೀನು ಸಾರಿನ ಪುಡಿಗೆ ಮೀನಿನದೇ ಚೀಲ ಆಗಬೇಕು. ಹುರುಪೆಯಲ್ಲೂ ಕೊಲಾಜೆನ್ ಇದೆ, ಆದರೆ ಮೂಳೆಯಲ್ಲಿರುವಂಥ ಸುಣ್ಣದ ಖನಿಜವೂ ಸೇರಿಕೊಂಡಿದೆ. ಮೊದಲು ಹುಳಿ ನೀರಿನಲ್ಲಿ ಅದನ್ನು ಕರಗಿಸಿ ತೆಗೆಯಬೇಕು. ರೋಹು, ಕಾಟ್ಲದಂಥ ಬೆಚ್ಚಗಿನ ನೀರಿನ ಮೀನುಗಳ ಜೆಲಾಟಿನ್ ತಣ್ಣೀರಿನ ಮೀನುಗಳದ್ದಕ್ಕಿಂತ ಚೆನ್ನಾಗಿ ಗಟ್ಟಿಯಾಗುತ್ತದೆ, ನಮ್ಮ ಸಂತೆಯಲ್ಲಿ ಸಿಗುವುದೂ ಅವೇ. ಮೀನು ಕೆಲವರಿಗೆ ಅಲರ್ಜಿ, ಹಾಗಾಗಿ ಆ ಡಬ್ಬಿಯ ಮೇಲೆ ಇನ್ನೊಂದು ಸಾಲು ಬರೆಯಬೇಕಾಗುತ್ತದೆ. ಮೊದಲ ಹುರುಪೆಗಳು ಫ್ರಿಜ್ಜಿನಲ್ಲಿ ವಿನೆಗರ್ ನೀರಿನಲ್ಲಿ ನೆನೆಯುತ್ತಿವೆ. ಗರಿಗರಿ ಹೋಗಿ ಬಾಗತೊಡಗಿವೆ, ಬಿಸಿ ಮಾಡುವ ಕೆಲಸ ಇನ್ನು ಆಗಬೇಕು.